ಶನಿವಾರದ ಸಂಗೀತ ಕ್ಲಾಸು

ನನಗೆ ಹಾಡಲು ಬರುವುದಿಲ್ಲ. ಧಾರವಾಡದಲ್ಲಿ ಹುಟ್ಟಿ ಹುಬ್ಬಳ್ಳಿಗೆ ಸೊಸೆಯಾಗಿ ಬಂದವಳು ಈ ಮಾತು ಹೇಳುವುದಕ್ಕೆ ಸ್ವಲ್ಪ ಎದೆಗಾರಿಕೆ ಬೇಕು. ನಮ್ಮ ಕಡೆ ಓಣಿಗೊಂದು ತಂಬೂರಿ, ಮನೆಗೊಬ್ಬ ತಲೆದೂಗುವ ಕಾಕಾ ಇದ್ದೇ ಇರುತ್ತಾರೆ. ನನ್ನ ತವರಿನಲ್ಲೂ ಒಂದು ಹಾರ್ಮೋನಿಯಂ ಇತ್ತು. ಅದರ ಮೇಲೆ ಇಸ್ತ್ರಿ ಮಾಡಿದ ಬಟ್ಟೆ ಇಡುತ್ತಿದ್ದೆವು. ಹೀಗಿದ್ದೂ ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ನಮ್ಮ ಓಣಿಯವರೆಲ್ಲ ನಾನು ಶನಿವಾರ ಮಧ್ಯಾಹ್ನ ಧಾರವಾಡದಲ್ಲಿ ಸಂಗೀತ ಕಲಿಯುತ್ತೇನೆ ಎಂದೇ ತಿಳಿದಿದ್ದರು. ಹಾಗೆಂದು ಹಬ್ಬಿಸಿದವರು ನನ್ನ ಅತ್ತೆ. ನಾನು ಹೋಗುತ್ತಿದ್ದುದು ಒಬ್ಬ ಮನೋವೈದ್ಯೆ ನಡೆಸುತ್ತಿದ್ದ ಗುಂಪು ಚಿಕಿತ್ಸೆಗೆ.

ಮೊನ್ನೆ ಒಂದು ಮುಂಜಿವೆಯಲ್ಲಿ ಹಳೆಯ ಓಣಿಯ ಹೆಂಗಸೊಬ್ಬರು ಸಿಕ್ಕರು. ಸಂಗೀತ ಯಾಕೆ ಬಿಟ್ಟಿರಿ ಎಂದು ಕೇಳಿದರು. ಇದ್ದ ಸಂಗತಿ ಹೇಳಿದೆ. ಅವರು ಎಲೆಯ ಮೇಲಿನ ಕೋಸಂಬರಿಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು, ನನ್ನ ಕಡೆ ಮತ್ತೆ ತಿರುಗಲಿಲ್ಲ. ಹಾಗೆ ಮುಖ ತಿರುಗಿಸುವವರಿಗೆ ಅರ್ಧ ಮಾತು ಯಾಕೆ, ಪೂರ್ತಿಯೇ ಕೇಳಿಸಿಬಿಡೋಣ ಎಂದು ಇದನ್ನು ಬರೆಯಲು ಕುಳಿತಿದ್ದೇನೆ.

ಶುರುವಾದದ್ದು ಬಸ್ಸಿನಲ್ಲಿ. ನಾನು ಧಾರವಾಡದ ಒಂದು ಕಚೇರಿಯಲ್ಲಿ ಗುಮಾಸ್ತೆ. ದಿನಾ ಮುಂಜಾನೆ ಹುಬ್ಬಳ್ಳಿಯಿಂದ ಹೊರಡುವ ಬಸ್ಸು, ನಿಲ್ಲುವುದಕ್ಕೂ ಜಾಗವಿಲ್ಲದ ಗದ್ದಲ, ನನಗೆ ಅದೆಲ್ಲ ರೂಢಿಯೇ. ಒಂದು ದಿನ ಉಣಕಲ್ ದಾಟಿ ಸ್ವಲ್ಪ ದೂರ ಹೋಗಿತ್ತು, ಅಷ್ಟರಲ್ಲಿ ಎದೆ ಹೊಡೆದುಕೊಳ್ಳಲು ಶುರುವಾಯಿತು. ಕೈ ತಣ್ಣಗಾದವು, ಬಾಯಿ ಒಣಗಿತು, ಸುತ್ತಲಿನ ಮಂದಿಯೆಲ್ಲ ನನ್ನನ್ನೇ ನೋಡುತ್ತಿದ್ದಾರೆ ಅನಿಸಿತು. ಸತ್ತೆ ಎಂದುಕೊಂಡೆ. ಉತ್ಪ್ರೇಕ್ಷೆ ಮಾಡುತ್ತಿಲ್ಲ, ಇನ್ನು ಮನೆ ಮುಟ್ಟುವುದಿಲ್ಲ ಎಂದು ಗಟ್ಟಿಯಾಗಿ ನಂಬಿದೆ. ನವಲೂರಿನ ಹತ್ತಿರ ಕಂಡಕ್ಟರನಿಗೆ ಕೂಗಿ ಇಳಿದುಬಿಟ್ಟೆ. ರಸ್ತೆ ಪಕ್ಕ ಪೇರಲ ಹಣ್ಣು ಮಾರುವ ಮುದುಕಿ ತನ್ನ ಬುಟ್ಟಿ ಸರಿಸಿ ಕೂರಲು ಜಾಗ ಕೊಟ್ಟಳು. ಸ್ವಲ್ಪ ಹೊತ್ತಿನಲ್ಲಿ ಎಲ್ಲ ಇಳಿಯಿತು. ಸಾಯಲಿಲ್ಲ ಅನ್ನುವುದಕ್ಕೆ ನಾಚಿಕೆಯಾಯಿತು.

ಹೃದಯದ ಡಾಕ್ಟರು ಇಸಿಜಿ ಪಟ್ಟಿ ತೆಗೆದು ನೋಡಿ, ಎಲ್ಲ ಛಲೋ ಇದೆ, ನಿಶ್ಶಕ್ತಿ ಇರಬೇಕು ಅಂದರು. ಅತ್ತೆ ದೃಷ್ಟಿ ತೆಗೆದರು, ಅಂಗಾರ ಹಚ್ಚಿದರು, ಒಣ ಖರ್ಜೂರ ಹಾಲಿನಲ್ಲಿ ನೆನೆಹಾಕಿ ಕೊಟ್ಟರು. ನಾನು ಬಸ್ಸಿನಲ್ಲಿ ಬಾಗಿಲ ಪಕ್ಕದ ಸೀಟು ಸಿಕ್ಕರೆ ಮಾತ್ರ ಹತ್ತತೊಡಗಿದೆ. ಆಮೇಲೆ ಅದೂ ಆಗದೆ ರಜೆ ಹಾಕತೊಡಗಿದೆ. ಆಮೇಲೆ ಸಂತೆ ಬಿಟ್ಟೆ, ಗುಡಿ ಬಿಟ್ಟೆ, ಅರಿಶಿನ-ಕುಂಕುಮಕ್ಕೆ ಕರೆದರೆ ತಲೆನೋವು ಅಂದೆ. ಎಲ್ಲಿ ನಾಲ್ಕು ಮಂದಿ ಕೂಡುತ್ತಾರೋ ಅಲ್ಲಿ ನಾನಿಲ್ಲ ಎನ್ನುವಂತಾಯಿತು.

ಧಾರವಾಡದ ಆ ವೈದ್ಯೆಯನ್ನು ಹುಡುಕಿದ್ದು ನನ್ನ ಗಂಡ. ಮಾತು ಕಡಿಮೆಯ ಮನುಷ್ಯ. ಒಂದು ಸಂಜೆ ಚಪ್ಪಲಿ ಮೆಟ್ಟಿಕೊಂಡು, ನಾಳೆ ಒಬ್ಬರ ಕಡೆ ಹೋಗೋಣ ಅಂದರು, ಅಷ್ಟೇ. ನಮ್ಮ ಭಾಗದಲ್ಲಿ ಯಾರಾದರೂ ಸ್ವಲ್ಪ ವಿಚಿತ್ರವಾಗಿ ಆಡಿದರೆ ಇವರನ್ನು ಧಾರವಾಡಕ್ಕೆ ಕಳಿಸಬೇಕು ಎಂದು ನಗುವುದು ರೂಢಿ. ಅಲ್ಲಿ ಹುಚ್ಚಾಸ್ಪತ್ರೆ ಇದೆಯೆಂದು ಆ ಮಾತು. ನಾನು ವರ್ಷಗಟ್ಟಲೆ ದಿನಾ ಧಾರವಾಡಕ್ಕೆ ಹೋಗಿ ಬಂದವಳು, ಯಾರೂ ನಕ್ಕಿರಲಿಲ್ಲ. ಈಗ ಅದೇ ರಸ್ತೆ, ಅದೇ ಬಸ್ಸು ಮಾನ ಹೋಗುವ ಸಂಗತಿಯಾಯಿತು. ಇದನ್ನು ನೆನೆದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ವೈದ್ಯೆ ಕರಾವಳಿ ಕಡೆಯವರು, ಪುಸ್ತಕದ ಕನ್ನಡ ಮಾತಾಡುತ್ತಿದ್ದರು. ನನಗೆ ಆಗುತ್ತಿರುವುದು ಗಾಬರಿಯ ಕಾಯಿಲೆ, ಹೃದಯದ್ದಲ್ಲ ಎಂದು ತಿಳಿಸಿ ಹೇಳಿದರು. ಸಣ್ಣದೊಂದು ಗುಳಿಗೆ ಬರೆದುಕೊಟ್ಟರು. ಕೆಲವು ಸಲ ಒಬ್ಬಳನ್ನೇ ಕೂರಿಸಿಕೊಂಡು ಮಾತಾಡಿದ ಮೇಲೆ, ಬರುವ ಶನಿವಾರದಿಂದ ಒಂದು ಹೊಸ ಗುಂಪು ಸೇರುತ್ತದೆ, ನೀವೂ ಬನ್ನಿ ಅಂದರು. ನನ್ನ ಸಂಕಟ ಹತ್ತು ಮಂದಿಯ ಮುಂದೆ ಹರಡಿಕೊಳ್ಳಬೇಕೇ ಎಂದು ನಾನು ಜಗಳಕ್ಕೇ ಹೋದೆ. ಅವರು ನಗಲಿಲ್ಲ. "ನಿಮಗೆ ಹೆದರಿಕೆ ಬರುವುದು ಜನರ ನಡುವೆ. ಜನರಿಲ್ಲದ ಕೋಣೆಯಲ್ಲಿ ಅದನ್ನು ದಾಟುವುದು ಹೇಗೆ ಕಲಿಯುತ್ತೀರಿ?" ಎಂದರು. ಬರುತ್ತೇನೆ ಎಂದು ಒಪ್ಪಿಕೊಂಡೆ.

ಮೊದಲ ಶನಿವಾರ ನನ್ನ ಜೊತೆ ಅತ್ತೆ ಬಂದಿದ್ದರು. ಗುಂಪು ಸೇರುತ್ತಿದ್ದುದು ಮಾಳಮಡ್ಡಿಯಲ್ಲಿ, ವೈದ್ಯೆಯ ದವಾಖಾನೆಯ ಹಿಂದಿನ ಕೋಣೆಯಲ್ಲಿ. ಅದಕ್ಕೆ ಹೊಂದಿಕೊಂಡ ಮನೆಯಲ್ಲಿ ಸಂಗೀತದ ಮಾಸ್ತರರೊಬ್ಬರು ಹುಡುಗಿಯರಿಗೆ ಪಾಠ ಹೇಳುತ್ತಿದ್ದರು, ಗೋಡೆಯಾಚೆಯಿಂದ ಸರಿಗಮ ಕೇಳಿಸುತ್ತಿತ್ತು. ಹೊರಗಿನ ಬೆಂಚಿನ ಮೇಲೆ ಅದನ್ನು ಕೇಳುತ್ತ ಕುಳಿತ ಅತ್ತೆ, ಮರಳಿ ಹುಬ್ಬಳ್ಳಿ ಮುಟ್ಟುವಷ್ಟರಲ್ಲಿ ಸುಳ್ಳನ್ನು ಹದಮಾಡಿ ಇಟ್ಟಿದ್ದರು. ಬಾಗಿಲಲ್ಲೇ ಸಿಕ್ಕ ನೆರೆಮನೆಯವರಿಗೆ, ಸೊಸೆಗೆ ಸಂಗೀತ ಹಚ್ಚಿದ್ದೇವೆ ಅಂದರು. ಒಳಗೆ ಬಂದ ಮೇಲೆ ನನಗೆ ಷರತ್ತು ಹಾಕಿದರು.

"ಅಕಿದೊಂದು ಲಗ್ನ ಗೊತ್ತಾಗ್ಲಿ. ಅಲ್ಲೀತನಕ ಯಾರ ಮುಂದೂ ಬಾಯಿ ಬಿಡಬ್ಯಾಡ. ಗೊತ್ತಾದ ಮ್ಯಾಲೆ ಹೋಗೂದೂ ಬ್ಯಾಡ."

ಅಕಿ ಅಂದರೆ ನನ್ನ ನಾದಿನಿ, ಗಂಡನ ತಂಗಿ. ಆಗ ಅವಳಿಗೆ ವರ ನೋಡುತ್ತಿದ್ದರು. ವೈನಿಯ, ಅಂದರೆ ಅವಳ ಅತ್ತಿಗೆಯಾದ ನನ್ನ, ತಲೆ ಕೆಟ್ಟಿದೆ ಎಂದು ತಿಳಿದರೆ ಬೀಗರು ಹೊಸ್ತಿಲು ತುಳಿಯುವುದಿಲ್ಲ ಎನ್ನುವುದು ಅತ್ತೆಯ ಹೆದರಿಕೆ. ಸುಳ್ಳೇನೂ ಅಲ್ಲ, ತುಳಿಯುತ್ತಿರಲಿಲ್ಲ. ಹೀಗೆ ನಾನು ಗುಣವಾಗುವುದಕ್ಕೆ ನಾದಿನಿಯ ಲಗ್ನದವರೆಗೆ ಮಾತ್ರ ಪರವಾನಗಿ, ಅದೂ ಕದ್ದು ಹೋಗುವ ಷರತ್ತಿನ ಮೇಲೆ. ಆ ಹೊತ್ತಿಗೆ ನಾನು ಹೂಂ ಅಂದೆ. ಅನ್ನದೆ ಬೇರೆ ದಾರಿ ಇರಲಿಲ್ಲ.

ಇನ್ನು ಆ ಕೋಣೆಯ ಸುದ್ದಿ. ಧಾರವಾಡದವರಿಗೆ ಕುರ್ಚಿಯನ್ನು ಸಾಲಾಗಿ ಹಾಕಿಯೇ ಗೊತ್ತು, ಅವರು ಗುಂಪು ಚಿಕಿತ್ಸೆಯನ್ನು ಹೇಗೆ ಮಾಡಿಯಾರು ಎಂದು ನೋಡಬೇಕಿದ್ದರೆ ಆ ಮೊದಲ ಶನಿವಾರ ಅಲ್ಲಿರಬೇಕಿತ್ತು. ವೈದ್ಯೆ ಬರುವ ಮೊದಲೇ ನಾವೆಲ್ಲ ಸೇರಿ ಕುರ್ಚಿಗಳನ್ನು ಉಪನ್ಯಾಸಕ್ಕೆ ಹಾಕುವಂತೆ ಎರಡು ಸಾಲು ಮಾಡಿದ್ದೆವು. ಎದುರಿಗೊಂದು ಮೇಜು, ಅದರ ಮೇಲೆ ತಟ್ಟೆ ಮುಚ್ಚಿದ ನೀರಿನ ಲೋಟ. ವೈದ್ಯೆ ಒಳಗೆ ಬರುತ್ತಲೇ ಒಬ್ಬ ನಿವೃತ್ತ ಹೆಡ್‌ಮಾಸ್ತರರು ಎದ್ದು ಎಲ್ಲರಿಗೂ ಸ್ವಾಗತ ಬಯಸಿದರು, ಡಾಕ್ಟರು ಅಧ್ಯಕ್ಷತೆ ವಹಿಸಬೇಕೆಂದು ಕೋರಿದರು. ನಾವು ಚಪ್ಪಾಳೆಯನ್ನೂ ತಟ್ಟಿದೆವು. ವೈದ್ಯೆ ಲೋಟ ನೋಡಿದರು, ನಮ್ಮನ್ನು ನೋಡಿದರು, ಆಮೇಲೆ ಮೇಜನ್ನು ತಾವೇ ಎಳೆದು ಗೋಡೆಗೆ ಹಚ್ಚಿ ಕುರ್ಚಿಗಳನ್ನು ದುಂಡಗೆ ಹಾಕಿಸಿದರು.

ಅವರು ಹೇಳಿದ ಕಟ್ಟುಪಾಡು ಬಹಳ ಇರಲಿಲ್ಲ. ಇಲ್ಲಿ ಕೇಳಿದ್ದು ಇಲ್ಲೇ ಉಳಿಯಬೇಕು. ಬೇರೆಯವರ ಸಂಗತಿಯನ್ನು ಹೊರಗೆ ಆಡುವ ಹಾಗಿಲ್ಲ, ನಿಮ್ಮದನ್ನು ನೀವು ಯಾರಿಗೆ ಬೇಕಾದರೂ ಹೇಳಿಕೊಳ್ಳಬಹುದು. ಉಪದೇಶ ಮಾಡಬಾರದು. ಬಿಡಬೇಕೆನಿಸಿದರೆ ಬಂದು ಹೇಳಿ ಬಿಡಬೇಕು. ಮತ್ತೆ ಇನ್ನೊಂದು: ಹೊರಗಿನ ಕಥೆಗಿಂತ ಈ ಕೋಣೆಯಲ್ಲಿ, ಈ ಹೊತ್ತಿನಲ್ಲಿ, ಒಬ್ಬರಿಗೊಬ್ಬರ ಬಗ್ಗೆ ಏನು ಅನಿಸುತ್ತಿದೆ ಅದನ್ನು ಹೇಳಲು ಪ್ರಯತ್ನಿಸಿ. ಈ ಕೊನೆಯದು ನಮಗೆ ತಲೆಬುಡ ತಿಳಿಯಲಿಲ್ಲ. ಮುಖಕ್ಕೆ ಮುಖ ಕೊಟ್ಟು ಹಾಗೆ ಹೇಳಿದರೆ ಮರ್ಯಾದೆ ಉಳಿಯುತ್ತದೆಯೇ?

ಏಳೆಂಟು ಮಂದಿ ಇದ್ದೆವು. ಈ ಕಥೆಗೆ ಬೇಕಾದವರು ಮೂವರು. ಅವರ ಗುರುತು ಸಿಗದಷ್ಟು ಬದಲಿಸಿಯೇ ಬರೆಯುತ್ತಿದ್ದೇನೆ, ಆ ಕಟ್ಟುಪಾಡನ್ನು ನಾನು ಇವತ್ತಿಗೂ ಮುರಿದಿಲ್ಲ. ಒಬ್ಬರು ಈ ಹೆಡ್‌ಮಾಸ್ತರರು. ಇನ್ನೊಬ್ಬರು ಅಮರಗೋಳದ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ದಲಾಲಿ ಮಾಡುವವರು. ಸಿಟ್ಟಿನ ಭರದಲ್ಲಿ ಅಣ್ಣತಮ್ಮಂದಿರನ್ನೆಲ್ಲ ದೂರ ಮಾಡಿಕೊಂಡು, ಹೆಂಡತಿಯ ಕಣ್ಣೀರಿಗೆ ಸೋತು ಬಂದಿದ್ದರು. ಮೂರನೆಯವರು ಮುಗದ ಎಂಬ ಹಳ್ಳಿಯ ಒಬ್ಬ ರೈತ ಹೆಂಗಸು. ತಲೆಶೂಲೆ ಎಂದು ಯಾವಾಗಲೂ ಹಣೆಗೆ ಬಿಗಿಯಾಗಿ ಬಟ್ಟೆ ಕಟ್ಟಿಕೊಂಡಿರುತ್ತಿದ್ದರು. ಎಲ್ಲ ಪರೀಕ್ಷೆ ಮಾಡಿಸಿಯೂ ತಲೆಯಲ್ಲಿ ಏನೂ ಸಿಕ್ಕಿರಲಿಲ್ಲ. ತಿಂಗಳುಗಟ್ಟಲೆ ಅವರು ಬಾಯಿ ಬಿಟ್ಟದ್ದಿಲ್ಲ.

ಬಹಳ ದಿನ ಅಲ್ಲಿ ಏನೂ ನಡೆಯಲಿಲ್ಲ. ಬರ್ರಿ, ಕೂಡ್ರಿ, ಆರಾಮ ಇದ್ದೀರೇನ್ರಿ. ಯಾರಾದರೂ ನಿದ್ದೆ ಬರುವುದಿಲ್ಲ ಅಂದರೆ ಸಾಕು, ಎಲ್ಲ ಕಡೆಯಿಂದ ಗಸಗಸೆ ಪಾಯಸ, ಅಂಗಾಲಿಗೆ ಎಣ್ಣೆ, ಯಾವುದೋ ಊರಿನ ಸ್ವಾಮಿಗಳ ವಿಳಾಸ ಬಂದು ಬೀಳುತ್ತಿತ್ತು. ಉಪದೇಶ ಬೇಡ ಅಂದದ್ದು ನಮಗೆ ತಲೆಗೆ ಹೋಗಿರಲೇ ಇಲ್ಲ. ನಾವು ಅದನ್ನು ಉಪದೇಶ ಅಂದುಕೊಂಡೇ ಇರಲಿಲ್ಲ, ಮನುಷ್ಯತನ ಅಂದುಕೊಂಡಿದ್ದೆವು. ಹೊತ್ತಾಯಿತು ಅನ್ನುವಾಗ ಹೆಡ್‌ಮಾಸ್ತರರು ಎದ್ದು ವಂದನಾರ್ಪಣೆ ಮಾಡುತ್ತಿದ್ದರು. ಅವರ ವಂದನಾರ್ಪಣೆಯಲ್ಲಿ ಕೋಣೆ ಗುಡಿಸುವ ಹೆಂಗಸನ್ನೂ ಬಿಡುತ್ತಿರಲಿಲ್ಲ. ವೈದ್ಯೆ ತಡೆಯುತ್ತಿರಲಿಲ್ಲ, ಸುಮ್ಮನೆ ನೋಡುತ್ತಿದ್ದರು. ಇವರಿಗೆ ಕೆಲಸ ಬರುವುದಿಲ್ಲ ಎಂದು ನಾನು ಮನಸ್ಸಿನಲ್ಲೇ ಬೈದುಕೊಳ್ಳುತ್ತಿದ್ದೆ.

ಒಂದು ಶನಿವಾರ ಮಾಸ್ತರರು ವಂದನೆಗೆ ಎದ್ದು ಗಂಟಲು ಸರಿಮಾಡಿಕೊಳ್ಳುವಾಗ ದಲಾಲಿಯವರಿಗೆ ತಡೆಯಲಾಗಲಿಲ್ಲ.

"ಸರ್, ಕೂಡ್ರಿ. ಇಷ್ಟು ದಿನಾ ಆತು, ನಿಮಗ ಏನಾಗೇತಿ ಅಂತನ ನಮಗ ಗೊತ್ತಿಲ್ಲ. ಎಲ್ಲಾರಿಗೂ ವಂದನಾ ಹೇಳ್ತೀರಿ, ನಿಮ್ಮದು ಒಂದರ ಹೇಳ್ರಿ."

ಮಾಸ್ತರರು ಕೂರಲಿಲ್ಲ. ಆಮೇಲೆ ನಿಂತಲ್ಲೇ ಹೇಳಿದರು: ಮುಂಜಾನೆ ಎದ್ದ ಕೂಡಲೇ ಅಳು ಬರುತ್ತದೆ. ಯಾಕೆ ಎಂದು ಗೊತ್ತಿಲ್ಲ. ಮನೆಯಲ್ಲಿ ಯಾವ ಕೊರತೆಯೂ ಇಲ್ಲ. ಸ್ನಾನದ ಮನೆಯಲ್ಲಿ ನಳ ಬಿಟ್ಟುಕೊಂಡು ಅತ್ತು ಮುಗಿಸಿ, ಮುಖ ಒರೆಸಿಕೊಂಡು ಚಹಾಕ್ಕೆ ಬರುತ್ತಾರೆ. ವಂದನಾರ್ಪಣೆ ಮುಗಿಯಿತೆಂದರೆ ಸಭೆ ಮುಗಿಯಿತು, ಆಮೇಲೆ ಯಾರೂ ಏನೂ ಕೇಳುವುದಿಲ್ಲ, ಅದಕ್ಕೇ ಅದನ್ನು ಬಿಡುವುದಿಲ್ಲ. ಇಷ್ಟು ಹೇಳಿ ಅವರು ನಮ್ಮೆಲ್ಲರ ಮುಂದೆ ಅತ್ತುಬಿಟ್ಟರು.

ನಾನು ತಟ್ಟನೆ ಎದ್ದು ಮೇಜಿನ ಮೇಲಿನ ನೀರಿನ ಲೋಟ ಎತ್ತಿಕೊಂಡೆ. ಅಷ್ಟರಲ್ಲಿ ವೈದ್ಯೆ ನನ್ನನ್ನು ಕೇಳಿದರು, "ಅವರು ಅಳುವುದರಿಂದ ಈಗ ಯಾರಿಗೆ ಕಷ್ಟವಾಗುತ್ತಿದೆ?" ಲೋಟ ಹಿಡಿದು ನಿಂತವಳು ಯೋಚಿಸಿದೆ. ನನಗೇ ಆಗುತ್ತಿತ್ತು. ಅವರ ಬಾಯಿಗೆ ನೀರು ಹಾಕಿಯಾದರೂ ಆ ಅಳು ನಿಲ್ಲಿಸಬೇಕಿತ್ತು, ಯಾಕೆಂದರೆ ನನ್ನ ಎದೆ ಹೊಡೆದುಕೊಳ್ಳಲು ಶುರುವಾಗಿತ್ತು. ಅದನ್ನೇ ಹೇಳಿದೆ. ದಲಾಲಿಯವರು ನನ್ನ ಕಡೆ ತಿರುಗಿ, ಬಂದಾಗಿನಿಂದ ನೋಡುತ್ತಿದ್ದೇನೆ, ನೀವು ಬಾಗಿಲ ಹತ್ತಿರದ ಕುರ್ಚಿ ಬಿಟ್ಟು ಒಮ್ಮೆಯೂ ಬೇರೆ ಕಡೆ ಕೂತಿಲ್ಲ, ಯಾಕೆ ಅಂದರು. ಈ ಮನುಷ್ಯನಿಗೆ ಸಂಬಂಧವಿಲ್ಲದ ಉಸಾಬರಿ ಯಾಕೆ ಎಂದು ಮೈಯೆಲ್ಲ ಉರಿಯಿತು. ಆದರೆ ಮಾತು ಖರೆ. ಬಸ್ಸಿನಲ್ಲಿ ಹಿಡಿಯುತ್ತಿದ್ದ ಸೀಟನ್ನೇ ನಾನು ಇಲ್ಲೂ ಹಿಡಿದಿದ್ದೆ.

ಹೊರಗೆ ಹೋಗಬೇಕೆನಿಸಿದರೆ ಹೋಗಬಹುದು, ಇದ್ದು ಏನಾಗುತ್ತಿದೆ ಎಂದು ಹೇಳಲೂಬಹುದು ಎಂದರು ವೈದ್ಯೆ. ಇದ್ದೆ. ಕೈ ತಣ್ಣಗಾಯಿತು, ಈಗ ಕಣ್ಣು ಕತ್ತಲೆ ಬಂತು, ನೀವೆಲ್ಲ ನನ್ನನ್ನು ಹುಚ್ಚಿ ಅಂದುಕೊಳ್ಳುತ್ತಿದ್ದೀರಿ ಎಂದು ಒಂದೊಂದೇ ಹೇಳಿದೆ. ನಾನು ಹಾಗೆ ಅಂದುಕೊಂಡಿಲ್ಲ ಎಂದು ಮಾಸ್ತರರು ಮೂಗು ಒರೆಸಿಕೊಳ್ಳುತ್ತ ಅಂದರು. ಉಳಿದವರೂ ಒಬ್ಬೊಬ್ಬರಾಗಿ ಅದನ್ನೇ ಹೇಳಿದರು, ಮುಗದದ ಹೆಂಗಸು ಮಾತ್ರ ಬರೇ ತಲೆಯಾಡಿಸಿದರು. ಗಾಬರಿ ಏರಿತು, ತುದಿ ಮುಟ್ಟಿತು, ನಾನು ಏನೂ ಮಾಡದಿದ್ದರೂ ತಾನಾಗಿ ಇಳಿಯಿತು. ಅದು ಇಳಿಯುತ್ತದೆ ಎನ್ನುವುದನ್ನು ಡಾಕ್ಟರು ನೂರು ಸಲ ಹೇಳಿದ್ದರು. ಆದರೆ ನೋಡುವ ಮಂದಿಯ ನಡುವೆ ಕೂತು ಅದನ್ನು ಇಳಿಸಿಕೊಂಡದ್ದು ಆ ದಿನ. ಮುಂದಿನ ವಾರ ಬಾಗಿಲಿನಿಂದ ದೂರದ ಕುರ್ಚಿಯಲ್ಲಿ ಕುಳಿತೆ.

ಗುಂಪಿನಲ್ಲಿ ಏನು ನಡೆಯುತ್ತದೆ ಎಂದು ಕೇಳುವವರಿಗೆ ನಾನು ಹೇಳುವುದು ಇಷ್ಟೇ. ಮನೆಯಲ್ಲಿ, ಪೇಟೆಯಲ್ಲಿ ನೀವು ಏನು ಆಟ ಆಡುತ್ತೀರೋ ಅದನ್ನೇ ಅಲ್ಲಿಯೂ ಆಡುತ್ತೀರಿ, ಬೇರೆ ಆಡಲು ಬರುವುದಿಲ್ಲ. ವ್ಯತ್ಯಾಸ ಅಂದರೆ ಅಲ್ಲಿ ಯಾರಾದರೂ ಅದನ್ನು ನೋಡಿ ಹೇಳುತ್ತಾರೆ, ಹೇಳಿದ ಮೇಲೂ ಮುಂದಿನ ವಾರ ನಿಮ್ಮ ಪಕ್ಕದಲ್ಲೇ ಬಂದು ಕೂರುತ್ತಾರೆ. ಎಲ್ಲರಿಗೂ ಇದು ಹಿಡಿಸುವುದಿಲ್ಲ ಎನ್ನುವುದೂ ಖರೆ. ಮಾತು ಮಾತಿಗೂ ಯಾರೋ ತನ್ನನ್ನು ಹಿಂಬಾಲಿಸುತ್ತಿದ್ದಾರೆ ಎನ್ನುತ್ತಿದ್ದ ಒಬ್ಬ ಹುಡುಗನನ್ನು ವೈದ್ಯೆ ಬೇಗನೆ ಗುರುತಿಸಿ, ಮೊದಲು ಬೇರೆ ಚಿಕಿತ್ಸೆ ಬೇಕೆಂದು ತಾವೇ ಕರೆದುಕೊಂಡು ಹೋದರು. ಒಬ್ಬಾಕೆ, ನನಗೆ ಮಂದಿಯ ಕಷ್ಟ ಕೇಳಿ ಇನ್ನಷ್ಟು ಭಾರವಾಗುತ್ತದೆ ಎಂದು ಹೇಳಿ ಬಿಟ್ಟರು, ಒಬ್ಬರೇ ಹೋಗಿ ಡಾಕ್ಟರನ್ನು ಕಂಡು ಗುಣವಾದರು. ಮಂದಿಯಿಂದಲೇ ನೊಂದು, ಮಂದಿಯನ್ನೇ ಬಿಟ್ಟು ಕೂತ ನನ್ನಂಥವರಿಗೆ ಮಾತ್ರ ಮಂದಿಯೇ ಔಷಧ ಎಂದು ನನ್ನ ಅನುಭವ. ಒಬ್ಬಳೇ ಬಸ್ಸು ಹತ್ತತೊಡಗಿದೆ. ನಿಂತುಕೊಂಡೇ ಹೋಗತೊಡಗಿದೆ.

ಅಷ್ಟರಲ್ಲಿ ನಾದಿನಿಗೆ ಒಂದು ಒಳ್ಳೆಯ ಸಂಬಂಧ ಬಂತು. ಹುಡುಗ ಕಾಲೇಜಿನಲ್ಲಿ ಕಲಿಸುವವನು. ಜಾತಕ ಕೂಡಿತ್ತು, ನೋಡುವುದಕ್ಕೆ ಬಂದರು. ಹುಡುಗನ ತಂದೆ ಧಾರವಾಡದ ಪಕ್ಕಾ ರಸಿಕರು. ಅವಲಕ್ಕಿ ತಿನ್ನುತ್ತ ಹುಡುಗಿಗೆ ಹಾಡಲು ಬರುತ್ತದೆಯೇ ಎಂದು ಕೇಳಿದರು. ನಾದಿನಿ ಬರುವುದಿಲ್ಲ ಅಂದಳು. ಅವರ ಮುಖ ಬಾಡಿದ್ದು ನೋಡಿ ಅತ್ತೆಗೆ ಕಸಿವಿಸಿಯಾಗಿ, ನಮ್ಮ ಸೊಸೆ ಮಾಳಮಡ್ಡಿಯಲ್ಲಿ ಸಂಗೀತ ಕಲಿಯುತ್ತಾಳೆ ಎಂದುಬಿಟ್ಟರು. ಓಣಿಯಲ್ಲಿ ಹೇಳಿ ಹೇಳಿ ಅವರಿಗೇ ಅದು ಖರೆ ಅನಿಸಿಬಿಟ್ಟಿತ್ತೋ ಏನೋ. ರಸಿಕರು ತಟ್ಟೆ ಕೆಳಗಿಟ್ಟು ನನ್ನ ಕಡೆ ತಿರುಗಿದರು. ಹಾಗಾದರೆ ವೈನಿಯವರಾದರೂ ಒಂದು ಭಜನೆ ಅನ್ನಲಿ ಅಂದರು.

ನಾನು ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಕೋಣೆಯ ಕಣ್ಣೆಲ್ಲ ನನ್ನ ಮೇಲೆ. ಎದೆ ಶುರುವಾಯಿತು. ಅತ್ತೆ ಗಡಬಡಿಸಿ ನನಗೆ ಗಂಟಲು ಕೆಟ್ಟಿದೆ ಅಂದರು. ಎರಡು ಸಾಲು ಸಾಕು ಎಂದು ರಸಿಕರು ಪಟ್ಟು ಹಿಡಿದರು. ಹೂಂ, ಗಂಟಲು ಕೆಟ್ಟಿದೆ ಎಂದು ಒಂದು ಸಲ ಕೆಮ್ಮಿದ್ದರೆ ಮುಗಿದಿತ್ತು. ಹಿಂದೆ ಬಾಗಿಲೂ ಇತ್ತು, ಒಳಗೆ ಸರಿದುಹೋಗಬಹುದಿತ್ತು. ಆದರೆ ನನಗೆ ಆ ಗಳಿಗೆಯಲ್ಲಿ ಬಂದದ್ದು ಹೆದರಿಕೆಗಿಂತ ದೊಡ್ಡ ಸಿಟ್ಟು. ಕಳ್ಳತನ ಮಾಡಿಲ್ಲ, ಯಾರ ಮನೆ ಮುರಿದಿಲ್ಲ, ಬೇನೆಗೆ ಔಷಧ ತೆಗೆದುಕೊಂಡಿದ್ದೇನೆ. ಅದಕ್ಕಾಗಿ ನಾನು ಬಾರದ ಭಜನೆ ಹಾಡಬೇಕೇ? ಬಾಗಿಲು ಬಿಟ್ಟು ನಡುಮನೆಗೆ ಬಂದು ನಿಂತೆ.

"ನನಗ ಹಾಡ್ಲಿಕ್ಕೆ ಬರೂದಿಲ್ರಿ. ಶನಿವಾರ ನಾ ಹೋಗೂದು ಸಂಗೀತಕ್ಕಲ್ಲ, ಮನಸ್ಸಿನ ಡಾಕ್ಟರ್ ಕಡೆ. ಮಂದಿ ನಡುವ ನನ್ನ ಎದಿ ಹೊಡಕೋತದ. ಈಗೂ ಹೊಡಕೊಳ್ಳಿಕತ್ತದ, ಆದ್ರ ನಿಂತೇನಿ."

ರಸಿಕರು ಧಾರವಾಡದ ಕಡೆ ಬಸ್ಸು ಎಷ್ಟು ಹೊತ್ತಿಗೆ ಎಂದು ವಿಚಾರಿಸಿದರು. ನಾಲ್ಕು ದಿನ ಬಿಟ್ಟು ಜಾತಕ ಕೂಡುವುದಿಲ್ಲ ಎಂದು ಹೇಳಿಕಳಿಸಿದರು. ಕೂಡಿದ ಜಾತಕ ಹೇಗೆ ಬಿಚ್ಚಿಕೊಂಡಿತು ಎಂದು ಯಾರೂ ಕೇಳಲಿಲ್ಲ. ಅತ್ತೆ ನನ್ನ ಜೊತೆ ಮಾತು ಬಿಟ್ಟರು. ಗಂಡ ಮಾತ್ರ, ಹೇಳಿದ್ದು ಸರಿ, ಹೇಳಿದ ಹೊತ್ತು ಸರಿಯಿರಲಿಲ್ಲ ಅಂದರು. ಸರಿಯಾದ ಹೊತ್ತು ಯಾವುದು, ಅಕ್ಷತೆ ಬಿದ್ದ ಮೇಲೆಯೇ ಎಂದು ಕೇಳಿದೆ. ಅವರು ಪೇಪರು ಬಿಚ್ಚಿಕೊಂಡರು.

ಶನಿವಾರ ಗುಂಪಿಗೆ ಗೆದ್ದು ಬಂದವಳ ಹಾಗೆ ಹೋದೆ. ಎಲ್ಲ ಹೇಳಿದೆ. ಮಾಸ್ತರರು ಅಭಿನಂದನಾ ಭಾಷಣಕ್ಕೆ ಅರ್ಧ ಎದ್ದವರು ನೆನಪಾಗಿ ಕುಳಿತರು. ದಲಾಲಿಯವರು ತೊಡೆ ತಟ್ಟಿ, ಭೇಷ್ ಅಂದರು. ಆಗ ಹಣೆಗೆ ಬಟ್ಟೆ ಕಟ್ಟಿದ ಮುಗದದ ಹೆಂಗಸು, ಅಷ್ಟು ದಿನ ಬಾಯಿ ಬಿಡದಿದ್ದವರು, ನನ್ನನ್ನು ನೇರ ನೋಡಿ ಆ ಹುಡುಗಿ ಏನಂದಳು ಎಂದು ಕೇಳಿದರು. ಅವಳೇನೂ ಅಂದಿಲ್ಲ ಅಂದೆ.

"ನೀ ಕೇಳಿಯೇನು?"

ಕೇಳಿಲ್ಲ ಅಂದೆ.

"ನನ್ನ ಕೇಳದ ನನ್ನ ಮದಿವಿ ಮಾಡಿದ್ರು. ನೀ ಕೇಳದ ಅಕೀದು ಮುರದಿ."

ನನಗೆ ಕಪಾಳಕ್ಕೆ ಬಿದ್ದಂತಾಯಿತು. ಹಾಗಾದರೆ ನಾನು ಸುಳ್ಳು ಹೇಳಬೇಕಿತ್ತೇ ಎಂದು ಏರಿದ ದನಿಯಲ್ಲಿ ಕೇಳಿದೆ. ಸುಳ್ಳು ಹೇಳು ಎಂದು ನಾನು ಅಂದಿಲ್ಲ, ಅವಳನ್ನು ಕೇಳು ಅಂದೆ ಎಂದರು ಆಕೆ. ವೈದ್ಯೆಯ ಕಡೆ ನೋಡಿದೆ, ಅವರು ನನ್ನ ಸಹಾಯಕ್ಕೆ ಬರಲಿಲ್ಲ. ಗೋಡೆಯಾಚೆ ಹುಡುಗಿಯರು ಸರಿಗಮ ಹೇಳುತ್ತಿದ್ದರು. ವೈದ್ಯೆ ಆ ಹೆಂಗಸನ್ನು, ಇಷ್ಟು ಮಾತಾಡಿದ ಮೇಲೆ ತಲೆ ಹೇಗಿದೆ ಎಂದು ಕೇಳಿದರು. ನೋವು ಅಲ್ಲೇ ಇದೆ, ಆದರೆ ಮಾತು ಹೊರಗೆ ಬಂತಲ್ಲ ಎಂದು ಆಕೆ ಹಣೆಯ ಗಂಟು ಸ್ವಲ್ಪ ಸಡಿಲು ಮಾಡಿಕೊಂಡರು.

ನಾನು ಮಾಡಿದ್ದು ತಪ್ಪು ಎಂದು ಬರೆಯುತ್ತೇನೆಂದು ಯಾರಾದರೂ ಕಾಯುತ್ತಿದ್ದರೆ, ಬರೆಯುವುದಿಲ್ಲ. ಆ ದಿನ ಆ ಮಾತು ಆಡಲೇಬೇಕಿತ್ತು. ಆದರೆ ಆಕೆಯ ಮಾತೂ ಸುಳ್ಳಲ್ಲ, ಅದು ಹುಬ್ಬಳ್ಳಿಯವರೆಗೆ ಬಸ್ಸಿನಲ್ಲಿ ನನ್ನ ಜೊತೆಯೇ ಬಂತು.

ನಾದಿನಿ ಮಾಳಿಗೆಯ ಮೇಲೆ ಒಣಗಿದ ಸಂಡಿಗೆ ಎತ್ತುತ್ತಿದ್ದಳು. ಪಕ್ಕದಲ್ಲಿ ಕೂತು ಕೇಳಿದೆ. ಅವಳು ಸಂಡಿಗೆ ಎತ್ತುವುದು ನಿಲ್ಲಿಸಲಿಲ್ಲ.

"ಆ ಹುಡುಗ ನನ್ನ ಮನಸ್ಸಿಗೆ ಬಂದಿದ್ದ, ವೈನಿ."

ಆಮೇಲೆ ಅಳತೊಡಗಿದಳು. ಅವನು ಬಂದಾಗ ಚಪ್ಪಲಿಯನ್ನು ತಾನೇ ಸರಿಯಾಗಿ ಜೋಡಿಸಿ ಇಟ್ಟದ್ದು, ಅವಳು ಓದಿದ ಪುಸ್ತಕಗಳ ಬಗ್ಗೆ ಕೇಳಿದ್ದು, ಎಲ್ಲ ಹೇಳಿದಳು. ಇನ್ನೊಬ್ಬ ಸಿಗುತ್ತಾನೆ ಅನ್ನುವ ಮಾತು ನಾಲಿಗೆಯ ತುದಿಗೆ ಬಂತು, ನುಂಗಿಕೊಂಡೆ. ನೀರು ತರಲು ಎದ್ದು ಹೋಗಲಿಲ್ಲ. ಬಿಸಿಲು ಇಳಿಯುವ ತನಕ ಅವಳು ಅತ್ತಳು, ನಾನು ಕೂತೇ ಇದ್ದೆ. ಹೀಗೆ ಕೂರುವುದನ್ನು ನನಗೆ ಕಲಿಸಿದ್ದು ಮಾಳಮಡ್ಡಿಯ ಆ ಕೋಣೆ. ಮೂಗು ಒರೆಸಿಕೊಂಡು ಅವಳು ಕೇಳಿದಳು, ನೀವು ಗುಂಪು ಬಿಡುತ್ತೀರಾ? ಇಲ್ಲ ಅಂದೆ. ಬಿಡಬೇಡಿ ಅಂದಳು. ಆದರೆ ಇನ್ನು ಮುಂದೆ ಬಂದವರಿಗೆ ನೀವು ಹೇಳಬೇಡಿ, ನಾನು ಹೇಳುತ್ತೇನೆ, ಚಹಾ ಕೊಡುವ ಮೊದಲೇ ಹೇಳುತ್ತೇನೆ.

"ಏಳೂವರು ಮೊದಲ ಎದ್ದು ಹೋಗ್ಲಿ. ನನ್ನ ಮನಸ್ಸಿಗೆ ಬರೂದ್ರಾಗ."

ಹೇಳಿದ ಹಾಗೆ ಮಾಡಿದಳು. ಬಂದವರು ಕುಳಿತ ಕೂಡಲೇ, ಚಹಾದ ತಟ್ಟೆ ಕೈಯಲ್ಲಿ ಹಿಡಿದುಕೊಂಡೇ, ನಮ್ಮ ವೈನಿ ಶನಿವಾರ ಮನಸ್ಸಿನ ಡಾಕ್ಟರ ಕಡೆ ಹೋಗುತ್ತಾರೆ, ಅದು ನಡೆಯುವುದಾದರೆ ಚಹಾ ತೆಗೆದುಕೊಳ್ಳಿ ಅನ್ನುತ್ತಿದ್ದಳು. ಕೆಲವರು ತೆಗೆದುಕೊಳ್ಳಲಿಲ್ಲ. ಕೆಲವರು ಕುಡಿದು ಹೋಗಿ ಜಾತಕದ ನೆವ ಹೇಳಿದರು. ಪ್ರತಿ ಸಲ ಉಳಿದ ಚಹಾವನ್ನು ನಾವಿಬ್ಬರೂ ಅಡಿಗೆಮನೆಯಲ್ಲಿ ಕುಡಿದೆವು. ಅತ್ತೆ ದೇವರ ಮನೆಯಲ್ಲಿ ಕೂತು ಜೋರಾಗಿ ಗಂಟೆ ಬಾರಿಸುತ್ತಿದ್ದರು.

ಹೀಗೆಯೇ ಇಸವಿ ಎರಡು ಸಾವಿರ ದಾಟಿತು. ಆ ಸಲ ಬಂದವರು ಸುಳ್ಳ ಎಂಬ ಊರಿನ ಕಡೆಯ ಮನೆತನ, ಹುಡುಗ ಹುಬ್ಬಳ್ಳಿಯಲ್ಲಿ ಔಷಧದ ಅಂಗಡಿ ಇಟ್ಟಿದ್ದ. ನಾನು ನಡುಮನೆಯಲ್ಲಿ, ಎಲ್ಲರ ನಡುವಿನ ಕುರ್ಚಿಯಲ್ಲೇ ಕುಳಿತಿದ್ದೆ. ಹುಡುಗನ ತಾಯಿ, ನೀವು ಸಂಗೀತ ಕಲಿಯುತ್ತೀರಂತೆ ಎಂದು ನನ್ನನ್ನು ಕೇಳಿದರು. ಓಣಿಯ ಮಾತು ಅಲ್ಲಿಯವರೆಗೂ ಮುಟ್ಟಿತ್ತು. ನಾದಿನಿ ತಟ್ಟೆ ಹಿಡಿದು ಇನ್ನೂ ಬಾಗಿಲಲ್ಲಿದ್ದಳು. ಅಷ್ಟರಲ್ಲಿ ಅತ್ತೆ ಬಾಯಿ ತೆರೆದರು.

"ಇಲ್ರಿ. ಅಕಿಗೆ ಹಾಡ್ಲಿಕ್ಕೆ ಬರೂದಿಲ್ಲ," ಅಂದರು ಅತ್ತೆ.

ಅಷ್ಟೇ ಅಂದರು, ಮುಂದಿನದು ಅವರ ಬಾಯಿಂದ ಬರಲಿಲ್ಲ. ಅದನ್ನು ನಾದಿನಿ ಹೇಳಿದಳು, ಎಂದಿನಂತೆ, ತಟ್ಟೆ ಹಿಡಿದುಕೊಂಡು. ಹುಡುಗನ ತಂದೆ ತಾಯಿ ಮುಖ ಮುಖ ನೋಡಿಕೊಂಡರು. ನನ್ನ ಎದೆ ತನ್ನ ಕೆಲಸ ತಾನು ಶುರು ಮಾಡಿತು. ಹುಡುಗ ನನ್ನ ಕಡೆ ತಿರುಗಿ, ಈಗ ಕಡಿಮೆಯಾಗಿದೆಯೇ ಎಂದು ಕೇಳಿದ. ಅಂಗಡಿಗೆ ಬಂದ ಗಿರಾಕಿಯನ್ನು ಕೇಳುವ ಹಾಗೆ, ಸಾದಾ ದನಿಯಲ್ಲಿ. ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ, ಈಗಲೂ ಬಂದಿದೆ ಅಂದೆ. ಅವನು ತಲೆಯಾಡಿಸಿ, ನನ್ನ ಎದೆಬಡಿತ ಇಳಿಯುವ ತನಕ ಸುಮ್ಮನೆ ಕುಳಿತ. ಆಮೇಲೆ ನಾದಿನಿಯ ತಟ್ಟೆಯಿಂದ ಎರಡು ಕಪ್ಪು ಎತ್ತಿ, ಮೊದಲನೆಯದನ್ನು ನನ್ನ ಕೈಗೆ ಕೊಟ್ಟ.